‘ತಪ್ಪಿದಲ್ಲಿ ನೀವೇ ನೇರ ಹೊಣೆ’

ಹೋದ ತಿಂಗಳು ಒಂದು ಭಾನುವಾರ ಸಕಲೇಶಪುರದಲ್ಲಿ ಮಾತಾಡಿದ್ದು ಇದು. ಬೆಳೆಗಾರರಿದ್ದರು, ಮೇಷ್ಟ್ರುಗಳಿದ್ದರು, ಒಂದಿಷ್ಟು ಕಾಲೇಜು ಮಕ್ಕಳೂ ಇದ್ದರು. ಅರ್ಧ ಮಾತಾಗುವಷ್ಟರಲ್ಲಿ ಕರೆಂಟ್ ಹೋಯಿತು. ಮೈಕ್ ಇಲ್ಲದೆ ನಾನು ಕೂಗಿ ಹೇಳಿದ್ದು ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲವಂತೆ, ಬರೆದುಕೊಡಿ ಮೇಡಂ ಅಂದರು. ಬರೆಯಲು ಕೂತಾಗ ಅಲ್ಲಿ ಮರೆತಿದ್ದ ಒಂದೆರಡು ವಿಷಯವೂ ಸೇರಿಕೊಂಡಿವೆ.

ನಿಯಮಗಳು ಹೇಗೆ ಬಿಗಿಯಾಗುತ್ತವೆ ಅಂತ ಹೇಳಿ ಅಂದಿದ್ದರು. ನಾನು ಕಾನೂನು ಓದಿದವಳಲ್ಲ. ಎಸ್‌ಡಿಎ ಆಗಿ ಸೇರಿ ಶಿರಸ್ತೇದಾರ್ ಆಗಿ ನಿವೃತ್ತಿ ಆದವಳು, ಈ ಜಿಲ್ಲೆಯ ಮೂರು ತಾಲ್ಲೂಕು ಕಚೇರಿ ನೋಡಿದ್ದೇನೆ, ಅಷ್ಟೇ. ಮೊದಲ ಹತ್ತು ವರ್ಷ ನನ್ನ ಕೆಲಸ ಹೆಚ್ಚಾಗಿ ಟೈಪಿಂಗ್. ಮೇಲಿಂದ ಒಂದು ಸುತ್ತೋಲೆ ಬರುತ್ತಿತ್ತು. ಅದರ ಮೇಲೆ ನಮ್ಮ ಸಾಹೇಬರ ಹೆಸರಲ್ಲಿ ಇನ್ನೊಂದು ಸುತ್ತೋಲೆ ಮಾಡಿ ಕೆಳಗೆ ಕಳಿಸುತ್ತಿದ್ದೆವು.

ಸುತ್ತೋಲೆಗೆ ಅದರದ್ದೇ ಒಂದು ಭಾಷೆ ಇದೆ. ಮೊದಲ ಸಲ ಹೊರಡುವಾಗ ಅದು ‘ಕೋರಿದೆ’. ಆರು ತಿಂಗಳು ಬಿಟ್ಟು ‘ಸೂಚಿಸಿದೆ’. ಮುಂದಿನ ವರ್ಷ ‘ಹಲವು ಬಾರಿ ಸೂಚಿಸಿದ್ದರೂ ಪಾಲನೆಯಾಗದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ’. ಆಮೇಲೆ ‘ಕಟ್ಟುನಿಟ್ಟಾಗಿ’. ಕೊನೆಗೆ, ಎಲ್ಲ ಪದಗಳೂ ಮುಗಿದ ಮೇಲೆ, ‘ತಪ್ಪಿದಲ್ಲಿ ನಿಮ್ಮನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು’. ಮೇಲ್ಗಡೆ ‘ಉಲ್ಲೇಖ’ ಅಂತ ಹಿಂದಿನ ಸುತ್ತೋಲೆಗಳ ಪಟ್ಟಿ ಇರುತ್ತದಲ್ಲ, ಅದರ ಉದ್ದ ನೋಡಿದರೆ ಸಾಕು, ಆ ನಿಯಮವನ್ನು ಎಷ್ಟು ಸಲ ಯಾರೂ ಪಾಲಿಸಲಿಲ್ಲ ಅಂತ ಗೊತ್ತಾಗುತ್ತದೆ. ಏಳು ಉಲ್ಲೇಖ ಇರುವ ಸುತ್ತೋಲೆ ಟೈಪ್ ಮಾಡುವಾಗ ನನಗೆ ನಗು ಬರುತ್ತಿತ್ತು.

ಆ ಕೊನೆಯ ಸಾಲನ್ನು ಮಾತ್ರ ನಾನು ತುಂಬ ದಿನ ಸರಿಯಾಗಿ ಗಮನಿಸಿರಲಿಲ್ಲ. ‘ನೀವೇ ನೇರ ಹೊಣೆ’ ಅನ್ನುವಲ್ಲಿ ನಿಯಮ ಒಂದು ಚೂರೂ ಬದಲಾಗಿರುವುದಿಲ್ಲ. ಮೊದಲ ಸುತ್ತೋಲೆಯಲ್ಲಿ ಏನಿತ್ತೋ ಅದೇ. ಬದಲಾಗುವುದು ಹೊರೆ. ಇಲ್ಲಿಯವರೆಗೆ ತಪ್ಪು ಹುಡುಕುವುದು ಮೇಲಿನವರ ಕೆಲಸವಾಗಿತ್ತು, ಇನ್ನು ಮುಂದೆ ತಪ್ಪು ಮಾಡಿಲ್ಲ ಅಂತ ತೋರಿಸುವುದು ಕೆಳಗಿನವರ ಕೆಲಸ. ಇವತ್ತು ನಾನು ಹೇಳಲು ಬಂದಿರುವುದು ಹೆಚ್ಚು ಕಡಿಮೆ ಇದೊಂದೇ. ದಂಡ ಎಷ್ಟು ಅಂತ ನೋಡುತ್ತಾ ಕೂತರೆ ಬಿಗಿ ಎಲ್ಲಿ ಬಂತು ಅಂತ ಗೊತ್ತೇ ಆಗುವುದಿಲ್ಲ.

ಹೆಲ್ಮೆಟ್ಟೇ ತೆಗೆದುಕೊಳ್ಳಿ. 2016ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಕಡ್ಡಾಯ ಆಯಿತು. 2019ರ ಸೆಪ್ಟೆಂಬರ್ 1ರಿಂದ ಕೇಂದ್ರದ ತಿದ್ದುಪಡಿ ಬಂತು, ಹೆಲ್ಮೆಟ್ ಇಲ್ಲದಿದ್ದರೆ ದಂಡ 1000 ರೂಪಾಯಿ, ಲೈಸೆನ್ಸ್ ಇಲ್ಲದೆ ಓಡಿಸಿದರೆ 5000, ಕುಡಿದು ಓಡಿಸಿದರೆ 10,000. ಆ ವಾರ ಎಲ್ಲರ ಬಾಯಲ್ಲೂ ಅದೇ. ಗಾಡಿಯ ಬೆಲೆಗಿಂತ ದಂಡವೇ ಜಾಸ್ತಿ ಅಂತ ಜೋಕು. ತಿಂಗಳು ಮುಗಿಯುವುದರೊಳಗೆ ನಮ್ಮ ಸರ್ಕಾರ ಹೆಲ್ಮೆಟ್ ದಂಡವನ್ನು 500ಕ್ಕೆ ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟರು. 2025ರಲ್ಲಿ ಇನ್ನೊಂದು ಸಲ. ಈಗ ನೋಟಿಸ್ ಬಂದವರು ಏನು ಮಾಡುತ್ತಾರೆ ಹೇಳಿ? ಮುಂದಿನ ಆಫರ್ ಯಾವಾಗ ಅಂತ ಕಾಯುತ್ತಾರೆ. ಸೀರೆ ಅಂಗಡಿಯ ಆಷಾಢ ಸೇಲ್ ಆಗಿಹೋಯಿತು ಅದು.

ಇದನ್ನು ಪ್ಯಾನ್ ಮತ್ತು ಆಧಾರ್ ಜೋಡಣೆಯ ಪಕ್ಕ ಇಟ್ಟು ನೋಡಿ. 2017ರಲ್ಲಿ ಕಾನೂನಿಗೆ ಸೇರಿತು. ದಿನಾಂಕ ಮುಂದಕ್ಕೆ, ಮತ್ತೆ ಮುಂದಕ್ಕೆ. ಜನ ಇದೂ ಹಾಗೇ ಅಂದುಕೊಂಡರು. 2022ರ ಏಪ್ರಿಲ್‌ನಿಂದ 500 ರೂಪಾಯಿ, ಜುಲೈನಿಂದ 1000. ಆಮೇಲೆ 2023ರ ಜೂನ್ 30 ದಾಟಿತು, ಜೋಡಣೆ ಆಗದ ಪ್ಯಾನ್ ನಿಷ್ಕ್ರಿಯ. ದಂಡ ಅಂತ ನೋಡಿದರೆ ಸಾವಿರ ರೂಪಾಯಿ, ಹೆಲ್ಮೆಟ್‌ಗೆ ಮೊದಲು ಬರೆದಿದ್ದ ಮೊತ್ತವೇ. ಆದರೆ ಇಲ್ಲಿ ಪೊಲೀಸಿನವರು ಮರದ ಹಿಂದೆ ನಿಲ್ಲಬೇಕಿಲ್ಲ. ಯಾರೂ ಹಿಡಿಯುವುದಿಲ್ಲ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ತೆರೆಸಿಕೊಳ್ಳುವ ಕೆಲಸ ನಿಮ್ಮದು. ರಿಯಾಯಿತಿ ಕೇಳುವುದಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ.

ಪ್ಲಾಸ್ಟಿಕ್‌ದು ಇನ್ನೊಂದು ತಮಾಷೆ. ಅಲ್ಲಿ ಬಿಗಿ ಬಂದಿದ್ದು ಅಂಕಿಯಲ್ಲಿ. 1999ರ ನಿಯಮದಲ್ಲಿ ಕವರ್ ಕನಿಷ್ಠ 20 ಮೈಕ್ರಾನ್ ದಪ್ಪ ಇರಬೇಕಿತ್ತು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). 2011ಕ್ಕೆ 40. 2016ಕ್ಕೆ 50. 2021ರ ಸೆಪ್ಟೆಂಬರ್ ಕೊನೆಗೆ 75. 2022ರ ಕೊನೆಯಿಂದ 120. ಕಾಗದದ ಮೇಲೆ ಆರು ಪಟ್ಟು ಬಿಗಿ. ಆದರೆ ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ದಪ್ಪ ಎಷ್ಟೇ ಇರಲಿ, ಕೈಚೀಲವೇ ಬೇಡ ಅಂತ ಅಧಿಸೂಚನೆ ಆಗಿತ್ತು. ಅಂದರೆ ದೆಹಲಿಯವರು ದಪ್ಪ ಅಳೆಯುತ್ತಿದ್ದ ವಸ್ತು ಬೆಂಗಳೂರಿನ ಲೆಕ್ಕದಲ್ಲಿ ಇರಲೇಬಾರದಿತ್ತು! ಇವತ್ತು ಹಾಸನದ ಮಾರ್ಕೆಟ್ಟಿಗೆ ಹೋಗಿ ಅರ್ಧ ಕೆಜಿ ಬೀನ್ಸ್ ತೆಗೆದುಕೊಳ್ಳಿ, ಯಾವುದರಲ್ಲಿ ಹಾಕಿಕೊಡುತ್ತಾರೆ ನೋಡಿ. ಆ ಸೊಪ್ಪಿನ ಅಜ್ಜಿಗೆ ಮೈಕ್ರಾನ್ ಅಳೆಯುವ ಯಂತ್ರ ಎಲ್ಲಿಂದ ಬರಬೇಕು? ಕವರ್ ಮಾಡುವ ಕಾರ್ಖಾನೆಗಳು ಎಣಿಸಿ ಮುಗಿಸಬಹುದಾದಷ್ಟು, ಮಾರುವ ಅಜ್ಜಿಯರು ಲಕ್ಷಗಟ್ಟಲೆ. ದಾಳಿ ಆಗುವುದು ಮಾತ್ರ ಹೆಚ್ಚಾಗಿ ಅಜ್ಜಿಯ ಬುಟ್ಟಿಗೆ, ಏಕೆಂದರೆ ಬುಟ್ಟಿ ರಸ್ತೆಯಲ್ಲಿದೆ.

ಗುಟ್ಕಾ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. 2013ರ ಮೇ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ನಿಷೇಧ ಆಯಿತು. ಆಹಾರದಲ್ಲಿ ತಂಬಾಕು ಬೆರೆಸಬಾರದು ಅನ್ನುವ ನಿಯಮದ ಬಲದಲ್ಲಿ. ಸರಿ, ಬೆರೆಸಲಿಲ್ಲ. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್, ಎರಡನ್ನೂ ಬಾಯಲ್ಲಿ ಬೆರೆಸಿಕೊಳ್ಳುವ ಕೆಲಸ ತಿನ್ನುವವನಿಗೆ ಬಿಟ್ಟರು. ಅತ್ತ ನಮ್ಮದೇ ಜಿಲ್ಲೆಯ ರಾಮನಾಥಪುರದಲ್ಲಿ ಕೇಂದ್ರ ಸರ್ಕಾರದ ತಂಬಾಕು ಮಂಡಳಿ ಹರಾಜು ನಡೆಸುತ್ತದೆ. ಅಲ್ಲೂ ಬಿಗಿಗೆ ಕೊರತೆ ಇಲ್ಲ, ಲೈಸೆನ್ಸ್ ಇಲ್ಲದೆ ಬೆಳೆಯುವಂತಿಲ್ಲ, ಮಿತಿಗಿಂತ ಜಾಸ್ತಿ ಬೆಳೆದರೆ ದಂಡ. ಬೆಳೆಯುವವನಿಗೆ ಒಂದು ಬಿಗಿ, ಪ್ಯಾಕೆಟ್ಟಿನ ಚಿತ್ರಕ್ಕೆ ಇನ್ನೊಂದು ಬಿಗಿ, 2009ರಲ್ಲಿ ಎದುರಿನ ಶೇ 40 ಜಾಗ ಇದ್ದ ಎಚ್ಚರಿಕೆ 2016ಕ್ಕೆ ಎರಡೂ ಬದಿ ಶೇ 85. ಎರಡೂ ಬಿಗಿಯೇ, ಎರಡಕ್ಕೂ ಮುಖಾಮುಖಿ ಪರಿಚಯ ಇಲ್ಲ.

ಇಷ್ಟು ಹೇಳಿದಾಗ ಮುಂದಿನ ಸಾಲಿನ ಹೈಸ್ಕೂಲ್ ಮೇಷ್ಟ್ರೊಬ್ಬರು, ‘ಹಾಗಾದರೆ ಬಿಗಿ ಮಾಡಿದ್ದು ಎಲ್ಲೂ ಕೆಲಸ ಮಾಡಿಲ್ಲವೇ?’ ಅಂದರು. ಮಾಡಿದೆ. ಅವರ ಇಲಾಖೆಯಲ್ಲೇ ಮಾಡಿದೆ, ಅದೇ ಕಷ್ಟ ಆಗಿದ್ದು.

2019ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಹಾಸನ ರಾಜ್ಯಕ್ಕೇ ಮೊದಲು ಬಂದಿತ್ತು ನೆನಪಿದೆಯಾ? ಆಗ ಊರೆಲ್ಲ ಹಬ್ಬ. ಕಾಪಿ ಹೊಡೆಸಿ ಬಂತು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ನಾನು ಹೇಳುವುದು ಇಡೀ ರಾಜ್ಯದ ಮಾತು. 2023ರಲ್ಲಿ ರಾಜ್ಯದಲ್ಲಿ ಶೇ 83.89 ಮಕ್ಕಳು ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಕಚೇರಿಯಲ್ಲಿ ಕೂತು ನೇರವಾಗಿ ನೋಡುವ ವ್ಯವಸ್ಥೆ. ಪ್ರಶ್ನೆಪತ್ರಿಕೆ ಕಠಿಣ ಮಾಡಲಿಲ್ಲ, ಶಿಕ್ಷೆ ಜಾಸ್ತಿ ಮಾಡಲಿಲ್ಲ. ಬರೀ ನೋಡಿದರು. ಫಲಿತಾಂಶ ಶೇ 73.40ಕ್ಕೆ ಬಿತ್ತು, ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಕೊಟ್ಟ ಮೇಲೆ. ಕೊಡದಿದ್ದರೆ ಅರ್ಧದಷ್ಟು ಮಕ್ಕಳೇ ಉಳಿಯುತ್ತಿದ್ದರು. ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ, ನಿಜವಾದ ಬಿಗಿ ಅಂದರೆ ಏನು ಅಂತ ತೋರಿಸುವುದಕ್ಕೆ.

ಆಮೇಲೆ ಏನಾಯಿತು ಗಮನಿಸಿ. ಒಂದು ಕಡೆ ದಾರ ಎಳೆದು ಕಟ್ಟಿದ ಮೇಲೆ ಇನ್ನೊಂದು ಕಡೆ ಮೂಟೆ ಉಬ್ಬಲೇಬೇಕು. ಗ್ರೇಸ್ ಕೊಟ್ಟಿದ್ದಕ್ಕೆ ಗಲಾಟೆ ಆಯಿತು, ಮುಂದಿನ ವರ್ಷ ಅದನ್ನು ನಿಲ್ಲಿಸಿದರು. ವರ್ಷಕ್ಕೆ ಮೂರು ಪರೀಕ್ಷೆ ಅನ್ನುವುದು ಕ್ಯಾಮೆರಾ ಬಂದ ವರ್ಷವೇ ಶುರುವಾಗಿತ್ತು. 2025-26ರಿಂದ ಪಾಸಾಗಲು 35ರ ಬದಲು 33 ಸಾಕು ಅಂದರು. ನಾನು ಇದನ್ನು ಬೈಯುವುದಿಲ್ಲ. ಹತ್ತನೇ ಕ್ಲಾಸಿನ ಹುಡುಗಿ ಫೇಲಾದರೆ ನಮ್ಮ ಹಳ್ಳಿಗಳಲ್ಲಿ ಮುಂದೇನು ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು. ಆದರೆ ಕ್ಯಾಮೆರಾ ಮೂರು ಗಂಟೆ ಪರೀಕ್ಷೆ ಬರೆಯುವ ಮಗುವಿನ ಮೇಲಿದೆ. ವರ್ಷಪೂರ್ತಿ ಗಣಿತದ ಮೇಷ್ಟ್ರೇ ಇಲ್ಲದ ಶಾಲೆಯ ಮೇಲೆ ಯಾವ ಕ್ಯಾಮೆರಾ ಇದೆ? ಪ್ರಾಮಾಣಿಕ ಅಂತ ತೋರಿಸಿಕೊಳ್ಳುವ ಹೊರೆ ಹದಿನಾರು ವರ್ಷದವರ ಮೇಲೆ ಬಿತ್ತು. ಮೇಷ್ಟ್ರು ತಲೆ ಆಡಿಸಿದರು. ಅವರು ಇಂಗ್ಲಿಷ್ ಮೇಷ್ಟ್ರು, ಗಣಿತವನ್ನೂ ಅವರೇ ತೆಗೆದುಕೊಳ್ಳುತ್ತಾರಂತೆ.

ನಮ್ಮ ಮನೆಯದ್ದೂ ಒಂದು ಹೇಳಬೇಕು. ನಮ್ಮ ದೊಡ್ಡಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೇನೆ ಅಂತ ಪ್ರಮಾಣ ಕೊಡಬೇಕು. ಜೀವನ್ ಪ್ರಮಾಣ್ 2014ರಲ್ಲಿ ಶುರುವಾಯಿತು, ಬೆರಳು ಒತ್ತಿದರೆ ಮುಗಿಯಿತು ಅಂದರು. ದೊಡ್ಡಮ್ಮ ಐವತ್ತು ವರ್ಷ ಅಡಿಕೆ ಸುಲಿದವರು, ಪಾತ್ರೆ ಉಜ್ಜಿದವರು, ಬೆರಳಲ್ಲಿ ಗೆರೆ ಎಲ್ಲಿ ಉಳಿದಿದೆ? ಯಂತ್ರ ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಅಂದರು, ಎಣ್ಣೆ ಹಚ್ಚಿ ಅಂದರು, ನಾಳೆ ಬನ್ನಿ ಅಂದರು. ಕೌಂಟರಿನ ಹುಡುಗ ಒಳ್ಳೆಯವನೇ, ‘ಅಜ್ಜಿ ಎದುರಿಗೇ ಕೂತಿದ್ದಾರೆ, ನನಗೆ ಕಾಣುತ್ತೆ, ಸಿಸ್ಟಮ್‌ಗೆ ಕಾಣಲ್ಲ ಆಂಟಿ’ ಅಂದ. ಮುಖ ನೋಡಿ ಗುರುತಿಸುವ ವ್ಯವಸ್ಥೆ 2021ರ ಕೊನೆಯಲ್ಲಿ ಬಂದ ಮೇಲೆ ಈಗ ಮೊಮ್ಮಗನ ಫೋನಿನಲ್ಲಿ ಆಗುತ್ತದೆ, ಕಣ್ಣು ಮಿಟುಕಿಸಬೇಕು, ಅದೊಂದು ಆಟ ಅವರಿಗೆ.

ಸಿಟ್ಟು ಬಂದಿತ್ತು. ಆದರೆ ಸುಮ್ನೆ ಯಂತ್ರವನ್ನು ಬೈದು ಹೋದರೆ ಅರ್ಧ ಸುಳ್ಳು ಹೇಳಿದ ಹಾಗೆ. ಹಿಂದೆ ಈ ಪ್ರಮಾಣಪತ್ರಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿತ್ತಲ್ಲ, ಆಗ ನಾವು ಎಷ್ಟು ಜನರ ಮುಖ ನೋಡಿ ಸಹಿ ಹಾಕಿಸಿದ್ದೆವು? ಮಗ ಬರುತ್ತಿದ್ದ, ‘ಅಮ್ಮನಿಗೆ ಮಂಡಿ ನೋವು’ ಅನ್ನುತ್ತಿದ್ದ, ಕಾಗದ ಒಳಗೆ ಹೋಗುತ್ತಿತ್ತು, ಸಹಿ ಆಗಿ ಹೊರಗೆ ಬರುತ್ತಿತ್ತು. ತೀರಿಕೊಂಡವರ ಹೆಸರಲ್ಲಿ ಎರಡು ವರ್ಷ ಹಣ ಹೋಗಿದ್ದು ಒಂದು ಸಲ ನನ್ನ ಮೇಜಿನ ಮೇಲೇ ಬಯಲಾಯಿತು. ಆ ಸಡಿಲಿನ ಬಿಲ್ಲನ್ನು ಈಗ ದೊಡ್ಡಮ್ಮ ಕಟ್ಟುತ್ತಿದ್ದಾರೆ. ಸಡಿಲು ಮಾಡಿಕೊಂಡವರು ಒಬ್ಬರು, ಬಿಗಿ ಅನುಭವಿಸುವವರು ಇನ್ನೊಬ್ಬರು. ಇದು ನಾನು ಕಂಡಿದ್ದು, ಎಲ್ಲ ಕಡೆ ಹೀಗೇ ಅಂತ ಹೇಳಲಾರೆ.

ಈಗ ನಿಮಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ಪಶ್ಚಿಮ ಘಟ್ಟ. (ಇಲ್ಲಿಗೆ ಸರಿಯಾಗಿ ಕರೆಂಟ್ ಹೋಗಿದ್ದು. ಹಿಂದಿನ ಸಾಲಿನವರು ಇಲ್ಲಿಂದ ಓದಿದರೆ ಸಾಕು.)

ಘಟ್ಟವನ್ನು ಹೇಗೆ ಉಳಿಸುವುದು ಅಂತ ಕೇಂದ್ರ ಎರಡು ಸಮಿತಿ ಮಾಡಿತ್ತು, 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ. ಎರಡನೆಯದರ ಪ್ರಕಾರ ಘಟ್ಟದ ಸುಮಾರು ಶೇ 37 ಭಾಗ ಪರಿಸರ ಸೂಕ್ಷ್ಮ ಪ್ರದೇಶ. ಅದರ ಮೇಲೆ ಕೇಂದ್ರದ ಕರಡು ಅಧಿಸೂಚನೆ 2014ರಲ್ಲಿ ಬಂತು. ಆಮೇಲೆ 2015, 2017, 2018, 2022, 2024. ಆರು ಕರಡು. ಆರು ಸಲವೂ ಅಂತಿಮ ಆಗಲಿಲ್ಲ. ಆರನೆಯದು ಹೊರಟಿದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದ ಮಾರನೇ ದಿನ. ಆರು ರಾಜ್ಯಗಳ 56 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ ಜಾಗದ ಹಳ್ಳಿಗಳ ಪಟ್ಟಿ ಅದು, ಒಂದು ರಾತ್ರಿಯಲ್ಲಿ ಯಾರೂ ಟೈಪ್ ಮಾಡಲಾರರು, ಟೈಪ್ ಮಾಡಿದವಳು ಹೇಳುತ್ತಿದ್ದೇನೆ. ಪಟ್ಟಿ ಹಳೆಯದೇ. ಕಚೇರಿಗಳಲ್ಲಿ ಬಿಗಿ ನಿಯಮದ ಕಡತ ಸಾಮಾನ್ಯವಾಗಿ ಮೊದಲೇ ತಯಾರಿರುತ್ತದೆ. ಸಹಿಗೆ ಧೈರ್ಯ ಬರುವ ದಿನಕ್ಕೆ ಕಾಯುತ್ತಿರುತ್ತದೆ.

ನಮ್ಮ ರಾಜ್ಯದ ಪಾಲು ಅದರಲ್ಲಿ 20,668 ಚದರ ಕಿಲೋಮೀಟರ್, ಆರು ರಾಜ್ಯಗಳಲ್ಲಿ ಅತಿ ಹೆಚ್ಚು. ನಮ್ಮ ಸಕಲೇಶಪುರ, ಆಲೂರು, ಆ ಕಡೆ ಮೂಡಿಗೆರೆ, ಕೊಪ್ಪ, ಶೃಂಗೇರಿ ಎಲ್ಲ ಇವೆ. ಪ್ರತಿ ಸಲ ಕರಡು ಬಂದಾಗ ಇಲ್ಲಿ ಸಭೆ, ಬಂದ್, ಮನವಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಗೆದ್ದೆವು ಅಂದುಕೊಂಡಿರಿ. ಒಂದು ಮಾತು ಕೇಳುತ್ತೇನೆ, 2013ರ ನವೆಂಬರ್ ಆದೇಶದ ಬಗ್ಗೆ ಇಲ್ಲಿ ಎಷ್ಟು ಜನರಿಗೆ ಗೊತ್ತು? ಎರಡು ಕೈ ಎದ್ದವು. ಆ ತಿಂಗಳೇ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಕೆಳಗೆ ಕೇಂದ್ರ ನಿರ್ದೇಶನ ಕೊಟ್ಟು, ಆ ಪ್ರದೇಶದಲ್ಲಿ ಹೊಸ ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅಂದರೆ ಹೆಚ್ಚು ಮಾಲಿನ್ಯದ) ಕಾರ್ಖಾನೆ, 20 ಸಾವಿರ ಚದರ ಮೀಟರಿಗಿಂತ ದೊಡ್ಡ ಕಟ್ಟಡ, ಇವುಗಳಿಗೆ ತಡೆ ಹಾಕಿತ್ತು. ಕರಡೂ ಅಲ್ಲ, ಆಕ್ಷೇಪಣೆಗೆ 60 ದಿನವೂ ಇಲ್ಲ. ಹತ್ತು ವರ್ಷ ನಾವು ಮುಂದಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದೆವು, ಬಿಗಿ ಹಿತ್ತಲ ಬಾಗಿಲಿಂದ ಮೊದಲೇ ಒಳಗೆ ಬಂದು ಕೂತಿತ್ತು. ಆ ಪಟ್ಟಿಯಲ್ಲಿ ಕಾಫಿ ತೋಟ ಇರಲಿಲ್ಲ ಅನ್ನುವುದೂ ಅಷ್ಟೇ ಮುಖ್ಯ. ನಮ್ಮ ಭಯದಲ್ಲಿ ಅರ್ಧ, ಓದದೆ ಬಂದ ಭಯ.

ಬಿಗಿ ಪೂರ್ತಿ ಕೆಲಸ ಮಾಡಿದ ಜಾಗವೂ ಇಲ್ಲೇ ಪಕ್ಕದಲ್ಲಿದೆ. ಕುದುರೆಮುಖದ ಕಬ್ಬಿಣದ ಗಣಿ. 2002ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿ ಅಂತ ಹೇಳಿತು, 2005ರ ಕೊನೆಗೆ ಅದಿರು ತೆಗೆಯುವುದು ನಿಂತಿತು. ನಿಂತಿತು ಅಂದರೆ ನಿಂತೇಹೋಯಿತು. ಒಂದೇ ಕಂಪನಿ, ಒಂದೇ ಗೇಟು, ಮುಚ್ಚುವುದು ಸುಲಭ. ಭದ್ರೆಗೆ ಕೆಂಪು ಮಣ್ಣು ಹರಿಯುವುದು ತಪ್ಪಿದ್ದಕ್ಕೆ ನನಗೆ ಖುಷಿ ಇದೆ, ಖಾಲಿಯಾದ ಆ ಟೌನ್‌ಶಿಪ್ಪಿನ ಮನೆಗಳನ್ನು ನೋಡಿದಾಗ ಸಂಕಟವೂ ಆಗಿದೆ. ಎರಡನ್ನೂ ಸೇರಿಸಿ ಒಂದೇ ವಾಕ್ಯದಲ್ಲಿ ಹೇಳಲು ನನಗೆ ಬರುವುದಿಲ್ಲ.

ಇನ್ನು ಬೆಳೆಗಾರರು ಜಾಸ್ತಿ ಗಮನ ಕೊಡಬೇಕಾದ್ದು. ಇದನ್ನು ಬಿಗಿ ಮಾಡಿದವರು ಬೆಂಗಳೂರಿನವರೂ ಅಲ್ಲ, ದೆಹಲಿಯವರೂ ಅಲ್ಲ. ಯುರೋಪಿನವರು. ಅರಣ್ಯನಾಶ ತಡೆಯುವ ಅವರ ಕಾನೂನು 2023ರ ಜೂನ್‌ನಲ್ಲಿ ಜಾರಿಗೆ ಬಂತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ದನ, ಮರ, ಈ ಏಳು ಅಲ್ಲಿಗೆ ಹೋಗಬೇಕಾದರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿರಬಾರದು. ಬೆಳೆದ ದೇಶದ ಕಾನೂನು ಮೀರಿ ಬೆಳೆದಿರಬಾರದು. ಯಾವ ತುಂಡು ಜಮೀನಿನಲ್ಲಿ ಬೆಳೆದದ್ದು ಅಂತ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಒಂದು ಚುಕ್ಕಿ ಸಾಲದು, ಸುತ್ತಲ ಗಡಿಯನ್ನೇ ನಕ್ಷೆಯಲ್ಲಿ ಎಳೆದು ಕೊಡಬೇಕು. ಪಾಲಿಸಲೇಬೇಕಾದ ದಿನಾಂಕ 2024ರ ಕೊನೆ ಅಂತಿತ್ತು, 2025ರ ಕೊನೆಗೆ ಹೋಯಿತು, ಆಮೇಲೆ 2026ರ ಕೊನೆಗೆ. ನೋಡಿ, ದಿನಾಂಕ ಮುಂದಕ್ಕೆ ಹಾಕುವ ಚಟ ನಮ್ಮವರಿಗೆ ಮಾತ್ರ ಅಲ್ಲ.

ದಂಡದ ಗರಿಷ್ಠ ಮಿತಿ ಕಂಪನಿಯ ಯುರೋಪ್ ವಹಿವಾಟಿನ ಶೇ 4ಕ್ಕಿಂತ ಕಡಿಮೆ ಇರುವಂತಿಲ್ಲ. ದಂಡ ಕಟ್ಟುವವರು ನೀವಲ್ಲ, ಅಲ್ಲಿ ತರಿಸಿಕೊಳ್ಳುವ ಕಂಪನಿ. ಹಾಗಿದ್ದ ಮೇಲೆ ನಮಗೇನು ಅಂತೀರಾ? ನನ್ನ ಸುತ್ತೋಲೆ ನೆನಪು ಮಾಡಿಕೊಳ್ಳಿ. ಆ ಕಂಪನಿ ಇಲ್ಲಿನ ರಫ್ತುದಾರರಿಗೆ ಬರೆಯುತ್ತದೆ, ನೀವೇ ಹೊಣೆ. ರಫ್ತುದಾರರು ಕಾಫಿ ಬೀಜ ಸುಲಿದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ, ನೀವೇ ಹೊಣೆ. ಅಲ್ಲಿಂದ ಊರಿನ ವ್ಯಾಪಾರಿಗೆ. ವ್ಯಾಪಾರಿ ನಿಮ್ಮ ಕಣಕ್ಕೆ ಬಂದು ಚೆರ್ರಿ ಮೂಟೆ ಎದುರು ನಿಂತು ಕೇಳುತ್ತಾನೆ, ಲೊಕೇಶನ್ ಕೊಡಿ ಅಣ್ಣಾ. ಮೂರು ಎಕರೆಯವನ ಕೆಳಗೆ ಇನ್ನೂ ಯಾರೂ ಇಲ್ಲ, ಅವನು ಯಾರಿಗೂ ಬರೆಯುವಂತಿಲ್ಲ. ನಮ್ಮ ಕಾಫಿಯ ದೊಡ್ಡ ಪಾಲು ಯುರೋಪಿಗೇ ಹೋಗುತ್ತದೆ, ಇಟಲಿಯೇ ದೊಡ್ಡ ಗಿರಾಕಿ, ಆದ್ದರಿಂದ ಬೇಡ ಅನ್ನುವ ಹಾಗೂ ಇಲ್ಲ.

ಇಲ್ಲೊಂದು ವಿಚಿತ್ರ ಇದೆ. ನಮ್ಮ ಕಾಫಿ ನೆರಳಿನಲ್ಲಿ ಬೆಳೆಯುವುದು. ಹಲಸು, ಅತ್ತಿ, ನಂದಿ, ಸಿಲ್ವರ್ ಓಕ್. ಮೇಲಿಂದ ನೋಡಿದರೆ ತೋಟ ಕಾಡಿನ ಹಾಗೇ ಕಾಣುತ್ತದೆ. ಅವರ ಕಾನೂನಿನ ಪ್ರಕಾರ ವ್ಯವಸಾಯದ ಜಾಗ ಕಾಡಲ್ಲ, ಅದು ಸರಿಯಾಗಿಯೇ ಬರೆದಿದೆ. ಆದರೆ ಉಪಗ್ರಹ ಕಾನೂನು ಓದುವುದಿಲ್ಲ. 2020ರ ಚಿತ್ರದಲ್ಲಿ ಹಸಿರು ದಟ್ಟವಾಗಿದೆ. 2023ರಲ್ಲಿ ನೀವು ಮಗಳ ಮದುವೆಗೆ ಅಂತ ಸಿಲ್ವರ್ ಓಕ್ ಕಡಿಸಿ ಮಾರಿದಿರಿ, ಚಿತ್ರದಲ್ಲಿ ಹಸಿರು ತೆಳ್ಳಗಾಯಿತು. ಇದು ಕಾಡು ಕಡಿದದ್ದಲ್ಲ, ನೆರಳು ಬಿಡಿಸಿದ್ದು ಅಂತ ಯಾರು ಹೇಳಬೇಕು? ನೀವು. ಯಾವ ಕಾಗದದಿಂದ? ಹಳೆ ಪಹಣಿ, ಬೆಳೆ ಕಲಂ, ಕಾಫಿ ಮಂಡಳಿಯ ನೋಂದಣಿ, ಮರ ಕಡಿಯಲು ಅನುಮತಿ ಬೇಕಾಗಿದ್ದಲ್ಲಿ ಅದರ ಕಾಗದ. ಇಟ್ಟುಕೊಂಡಿದ್ದೀರಾ? ಸಭೆಯಲ್ಲಿ ಇಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. 2025ರ ಮೇನಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶ ಅಂತ ವರ್ಗ ಮಾಡಿದ್ದಾರೆ, ಅದರಿಂದ ತಪಾಸಣೆ ಸ್ವಲ್ಪ ಹಗುರ. ಜಾಗದ ಗುರುತು ಕೊಡುವುದು ಮಾತ್ರ ತಪ್ಪಿಲ್ಲ.

ಜಾಸ್ತಿ ತಲೆನೋವು ಎರಡನೇ ಷರತ್ತಿನಲ್ಲಿದೆ, ‘ಬೆಳೆದ ದೇಶದ ಕಾನೂನು’. ಇಲ್ಲಿ ನಮ್ಮ ಹಳೆಯ ಸಡಿಲು ಬಂದು ಎದುರು ನಿಲ್ಲುತ್ತದೆ. ನಮೂನೆ 50, ನಮೂನೆ 53, ನಮೂನೆ 57, ಈ ಮೂರು ಹೆಸರು ಕೇಳದ ಮನೆ ಮಲೆನಾಡಿನಲ್ಲಿ ಇಲ್ಲ. ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಅಂತ ಹಾಕುವ ಅರ್ಜಿಗಳು ಇವು. 1991ರಲ್ಲಿ ಮೊದಲ ಸಲ ಈ ಬಗರ್ ಹುಕುಂ ಅರ್ಜಿ ಕರೆದರು, 1990ರ ಏಪ್ರಿಲ್ 14ಕ್ಕೆ ಮೊದಲಿನ ಸಾಗುವಳಿ ಆಗಿರಬೇಕು ಅಂತ. ಇದೇ ಕೊನೆ ಅಂದರು. ಆಮೇಲೆ 53 ಬಂತು. 2018ರಲ್ಲಿ 57 ಬಂತು, ದಿನಾಂಕ 2005ರ ಜನವರಿ 1ಕ್ಕೆ ಜರುಗಿತು. ಸರ್ಕಾರಿ ಜಾಗದಲ್ಲಿ ತೋಟ ಮಾಡಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡುವ ತಿದ್ದುಪಡಿಯೂ ಆಯಿತು. ಆಗೆಲ್ಲ ಸಾಗುವಳಿ ಎಷ್ಟು ವರ್ಷದ್ದು ಅಂತ ತೀರ್ಮಾನ ಆಗುತ್ತಿದ್ದದ್ದು ಗ್ರಾಮ ಲೆಕ್ಕಿಗರ ಮಹಜರಿನ ಮೇಲೆ, ಪಂಚರ ಸಹಿಯ ಮೇಲೆ, ಮತ್ತೆ ಮನೆಯಲ್ಲಿ ಕೊಟ್ಟ ಊಟದ ಮೇಲೂ ಅನ್ನಿ. ಈಗ ಆ್ಯಪ್ ಬಂದಿದೆ, ಆ ವರ್ಷದ ಉಪಗ್ರಹ ಚಿತ್ರ ತೆಗೆದು ನೋಡುತ್ತಾರೆ. ನಿಯಮ ಅದೇ, ದಿನಾಂಕ ಅದೇ. ನೋಡುವ ಕಣ್ಣು ಬದಲಾಯಿತು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹುಡುಗಿ ಕೇಳಿದಳು, ಬಿಗಿಯಾದ ನಿಯಮ ಯಾವತ್ತಾದರೂ ಸಡಿಲ ಆಗಿದೆಯಾ? ಇಲ್ಲಿನ ಹಿರಿಯರಿಗೆ ಚೆನ್ನಾಗಿ ನೆನಪಿರುವ ಒಂದು ಇದೆ ಅಂದೆ. ಕಾಫಿ ಪೂಲ್. 1942ರ ಕಾಯ್ದೆ. ಯುದ್ಧದಿಂದ ರಫ್ತು ನಿಂತು ಬೆಳೆಗಾರ ಮುಳುಗುತ್ತಿದ್ದಾಗ ಅವನನ್ನು ಉಳಿಸಲು ಮಾಡಿದ್ದು. ಮನೆ ಖರ್ಚಿಗೆ ಇಷ್ಟು ಬಿಟ್ಟು ಉಳಿದದ್ದೆಲ್ಲ ಮಂಡಳಿಗೆ ಒಪ್ಪಿಸಬೇಕು, ತನ್ನ ಕಾಫಿಯನ್ನು ತಾನೇ ಮಾರುವಂತಿಲ್ಲ. ಹಣ ಕಂತಿನಲ್ಲಿ, ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಗಳೂ ಮುಗಿದಿರುತ್ತಿದ್ದವು. ಯುದ್ಧ 1945ರಲ್ಲಿ ಮುಗಿಯಿತು, ಪೂಲ್ ಮುಗಿದದ್ದು 1996ಕ್ಕೆ. ಅದೂ ಯಾರೋ ಕನಿಕರ ಪಟ್ಟದ್ದರಿಂದಲ್ಲ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ, ಅಂದರೆ ಯಾವ ದೇಶ ಎಷ್ಟು ರಫ್ತು ಮಾಡಬಹುದು ಅನ್ನುವ ಮಿತಿ, ಬಿದ್ದುಹೋಯಿತು, ಎರಡು ವರ್ಷಕ್ಕೆ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಬೆಳೆಗಾರರು ಸಂಘ ಕಟ್ಟಿ ಪಟ್ಟು ಹಿಡಿದರು. 1992ರಿಂದ ಒಂದೊಂದೇ ಪಾಲು ಬಿಡುತ್ತಾ ಬಂದು ಕೊನೆಗೆ ಪೂರ್ತಿ ಬಿಟ್ಟರು. ಆ ಕಾಲದಲ್ಲಿ ಮಂಚದ ಕೆಳಗೆ ಬೀಜ ಬಚ್ಚಿಟ್ಟ ಕಥೆ ಹೇಳಲು ಮೂರು ಜನ ಒಟ್ಟಿಗೇ ಎದ್ದು ನಿಂತರು, ಸಭೆ ಸಭೆಯಾಗಿ ಉಳಿಯಲಿಲ್ಲ.

ಎಲ್ಲ ಮುಗಿದು ಕೆಳಗೆ ಇಳಿದಾಗ ಎಂಬತ್ತು ದಾಟಿದ ಒಬ್ಬರು ಕೋಲೂರಿಕೊಂಡು ಹತ್ತಿರ ಬಂದರು. ‘ಅಲ್ಲಮ್ಮಾ, ನಮ್ಮ ತೋಟದ ಹಳ್ಳದ ಆ ಕಡೆ ಒಂದೆರಡು ಎಕರೆ ಇದೆ. ಅದೂ ಉಪಗ್ರಹಕ್ಕೆ ಕಾಣುತ್ತಾ?’

‘ಕಾಣುತ್ತೆ ಅಜ್ಜಾರೆ. ಗಿಡ ಎಷ್ಟು ವರ್ಷದ್ದು?’

‘ನಮ್ಮಪ್ಪ ನೆಟ್ಟಿದ್ದು. ಅರವತ್ತು ವರ್ಷ ಆಗಿರಬೇಕು.’

‘ಹಾಗಾದರೆ ಕಾಡು ಕಡಿದ ಮಾತೇ ಬರಲ್ಲ, ಹೆದರಬೇಡಿ. ಪಹಣಿ ಯಾರ ಹೆಸರಲ್ಲಿದೆ?’

ಅವರು ನನ್ನ ಮುಖ ನೋಡಿ ನಕ್ಕರು, ‘ಕಾಫಿ ಆರಿಹೋಗುತ್ತೆ, ಕುಡಿ ತಾಯಿ’ ಅಂದರು.